ಬೇಸಿಗೆ ಬಂದಾಗಿನಿಂದ ರಿಸೀವರ್ ತಾನೇ ಬಂದ್ ಆಗುತ್ತಿದೆ, ಕಲಬುರಗಿ

ಸೇಡಂ ರಸ್ತೆ ಮೇಷ್ಟ್ರು

ಎಲ್ಲರಿಗೂ ಶರಣು. ನಮ್ಮ ಮನೆಯ ಹೋಮ್ ಥಿಯೇಟರ್ ರಿಸೀವರ್, ಅಂದರೆ ಟಿವಿಯ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ, ಒಂದು ತಿಂಗಳಿನಿಂದ ಕಾಡುತ್ತಿದೆ. ಬಿಸಾಕಲು ಮನಸ್ಸಿಲ್ಲ, ರಿಪೇರಿಗೆ ಕೊಡಲು ಧೈರ್ಯವಿಲ್ಲ. ತಿಳಿದವರು ಜರಾ ನೋಡಿ ಹೇಳಿ.

5.1 ರಿಸೀವರ್ (ಐದು ಸ್ಪೀಕರ್, ಜೊತೆಗೆ ಗುಡುಗುವ ಸದ್ದಿಗೆ ಒಂದು ಸಬ್‌ವೂಫರ್), 2017ರಲ್ಲಿ ಕೊಂಡದ್ದು. ಡಬ್ಬದ ಮೇಲೆ ಒಂದೊಂದು ಚಾನಲ್‌ಗೆ (ಅಂದರೆ ಒಂದೊಂದು ಸ್ಪೀಕರಿನ ದಾರಿಗೆ) 135 ವ್ಯಾಟ್ ಎಂದು ದಪ್ಪಗೆ ಬರೆದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 6 ಓಮ್, 1 ಕಿಲೋಹರ್ಟ್ಸ್, ಒಂದು ಚಾನಲ್ ಮಾತ್ರ ಎಂದಿದೆ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯಂತೆ. ಮುಂದಿನ ಎರಡು ಸ್ಪೀಕರ್ ಮತ್ತು ಅವುಗಳ ನಡುವಿನ ಸೆಂಟರ್ ಸ್ಪೀಕರ್ 8 ಓಮ್. ಹಿಂದಿನ ಎರಡು ಮಾತ್ರ ನಮ್ಮ ಹಳೇ ಡಿವಿಡಿ ಸೆಟ್ಟಿನವು, ಅವುಗಳ ಬೆನ್ನಿನ ಚೀಟಿ ಅಳಿಸಿಹೋಗಿದೆ. ಸಬ್‌ವೂಫರ್‌ಗೆ ಬೇರೆ ಪ್ಲಗ್ ಇದೆ.

ಸಂಜೆ ಹಾಕಿದರೆ ಮುಕ್ಕಾಲು ಗಂಟೆ ಚೆನ್ನಾಗಿ ನಡೆಯುತ್ತದೆ. ಆಮೇಲೆ ಒಳಗಿಂದ ‘ಟಕ್’ ಅಂತ ಸದ್ದು. ಎಲ್ಲಾ ಸುಮ್ಮನಾಗುತ್ತದೆ, ಮುಂದಿನ ಕೆಂಪು ದೀಪ ಮಿಣುಕುತ್ತದೆ. ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಸರಿ. ಜನವರಿಯಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಆದರೆ ಹೋದ ಭಾನುವಾರ ಮಕ್ಕಳು ವಾಲ್ಯೂಮ್ ಏರಿಸಿದರು, ಐದೇ ನಿಮಿಷಕ್ಕೆ ಹೋಯಿತು. ಆಗ ಪೆಟ್ಟಿಗೆ ಬಿಸಿಯೂ ಆಗಿರಲಿಲ್ಲ. ಇದೇ ನನಗೆ ತಿಳಿಯದ್ದು.

ನಮ್ಮದು ಮೇಲಿನ ಮನೆ, ಆರ್‌ಸಿಸಿ ಛಾವಣಿ. ಟಿವಿ ಕೆಳಗೆ ಗಾಜಿನ ಬಾಗಿಲಿನ ಗೂಡು, ಅದರೊಳಗೆ ರಿಸೀವರ್. ಅದರ ಮೇಲೆ ಅವ್ವ ಕ್ರೋಶಾ ಹೆಣೆದು ಮಾಡಿದ ಬಿಳಿ ಮುಸುಕು, ಮುಸುಕಿನ ಮೇಲೆ ಸೆಟ್‌ಟಾಪ್ ಬಾಕ್ಸ್. ಓಣಿಯ ಕೊನೆಗೆ ದಾಲ್ ಮಿಲ್ ಇದೆ. ಕಿಟಕಿ ತೆಗೆದಿಟ್ಟರೆ ಸಂಜೆಯೊಳಗೆ ಟಿವಿ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು. ಅದಕ್ಕೇ ಮುಸುಕು.

ಪೇಟೆಯಲ್ಲಿ ಒಬ್ಬರಿಗೆ ತೋರಿಸಿದೆ. ಬಿಚ್ಚಿಯೂ ನೋಡಲಿಲ್ಲ, ಬೋರ್ಡ್ ಹೋಗಿದೆ, 9,000 ಆಗುತ್ತದೆ ಎಂದರು. ವಾಪಸ್ ತಂದುಬಿಟ್ಟೆ.

ಇನ್ನೊಂದು ಮಾತು. ಅವ್ವನಿಗೆ 74 ವರ್ಷ, ಕಿವಿ ಸ್ವಲ್ಪ ಮಂದ. ಮಾತು ಬಿಡಿಸಿ ಕೇಳಲಿ ಎಂದೇ ಇದನ್ನು ತಂದದ್ದು. ಆದರೆ ಹಾಡು ಬಂದರೆ ಮನೆ ನಡುಗುತ್ತದೆ, ಮಾತು ಬಂದರೆ ಕಲಸಿಹೋಗುತ್ತದೆ. ಟಿವಿಯಿಂದ ರಿಸೀವರ್‌ಗೆ ಆಪ್ಟಿಕಲ್ ವೈರ್ ಹಾಕಿದ್ದೇನೆ. ಅದಕ್ಕೂ ಏನಾದರೂ ದಾರಿ ಇದ್ದರೆ ಹೇಳಿ.

ಆಳಂದ ರಸ್ತೆ

ಸರ್, ಮೊದಲು ಆ ಮುಸುಕು ತೆಗೆಯಿರಿ. ಸೆಟ್‌ಟಾಪ್ ಬಾಕ್ಸನ್ನೂ ಕೆಳಗಿಳಿಸಿ. ರಿಸೀವರ್ ತಲೆ ಮೇಲಿರುವ ಜಾಲರಿ ಅದು ಉಸಿರಾಡುವ ಜಾಗ. ನಮ್ಮ ಮನೆಯಲ್ಲೂ ಡಿಟಿಎಚ್ ಬಾಕ್ಸ್ ಅದರ ಮೇಲೇ ಇತ್ತು. ಎರಡು ಬೇಸಿಗೆಗೆ ಬಾಕ್ಸೂ ಹೋಯಿತು. ಉಳಿದದ್ದನ್ನು ತಿಳಿದವರು ಹೇಳಲಿ.

ಬೀದರ್ ಸೋಲ್ಡರ್

ಶರಣು ಮೇಷ್ಟ್ರೇ. ಆಂಪ್ಲಿಫೈಯರ್ ಬಿಚ್ಚಿ ಕೂರಿಸುವುದೇ ನನ್ನ ಹೊಟ್ಟೆಪಾಡು. 9,000 ಕೊಡದೆ ವಾಪಸ್ ತಂದಿರಲ್ಲ, ಒಳ್ಳೆಯದಾಯಿತು. ಬೋರ್ಡ್ ಸುಟ್ಟಿದ್ದರೆ ಅರ್ಧ ಗಂಟೆ ಆರಿದ ಮೇಲೆ ತಾನೇ ಎದ್ದು ಹಾಡುವುದು ಬಹಳ ಅಪರೂಪ. ಆ ‘ಟಕ್’ ಅನ್ನುವುದು ರಿಲೇ, ಅಂದರೆ ಒಳಗೆ ತಾನೇ ಬೀಳುವ ಸ್ವಿಚ್ಚಿನ ಸದ್ದು. ಒಳಗೆ ಏನೋ ಮಿತಿ ಮೀರಿತು ಎಂದು ಗೊತ್ತಾದ ಕೂಡಲೇ ರಿಸೀವರ್ ಸ್ಪೀಕರ್‌ಗಳನ್ನು ಕಡಿದು ಹಾಕುತ್ತದೆ. ಇದಕ್ಕೆ ಪ್ರೊಟೆಕ್ಟ್ ಎನ್ನುತ್ತಾರೆ. ಅದು ರೋಗವಲ್ಲ, ಕಾವಲು.

ನಿಮ್ಮ ಮನೆಯಲ್ಲಿ ಎರಡು ಕಾರಣ ಸೇರಿಕೊಂಡಿವೆ ಅನ್ನಿಸುತ್ತದೆ. ಮುಕ್ಕಾಲು ಗಂಟೆಗೆ ಹೋಗುವುದು ಬಿಸಿಯಿಂದ. ಐದು ನಿಮಿಷಕ್ಕೆ ಹೋದದ್ದು ತಂತಿಯಿಂದ ಅಥವಾ ಆ ಹಿಂದಿನ ಸ್ಪೀಕರ್‌ಗಳಿಂದ.

ಬಿಸಿ ಮೊದಲು. ಮ್ಯಾನುಯಲ್‌ನ ಕೊನೆಯ ಪುಟಗಳನ್ನು ನೋಡಿ. ಬಹಳಷ್ಟು ರಿಸೀವರ್‌ಗಳಿಗೆ 5ರಿಂದ 35 ಡಿಗ್ರಿ ಎಂದು ಬರೆದಿರುತ್ತಾರೆ. ಅದು ಪೆಟ್ಟಿಗೆಯೊಳಗಿನ ಬಿಸಿಯಲ್ಲ, ಸುತ್ತಲಿನ ಗಾಳಿಯದ್ದು. ನಿಮ್ಮೂರು ಮೇ ತಿಂಗಳಲ್ಲಿ 40 ದಾಟುತ್ತದೆ. ಹಗಲೆಲ್ಲಾ ಕಾದ ಛಾವಣಿ ರಾತ್ರಿ ಊಟದ ಹೊತ್ತಿಗೂ ಶಾಖ ಬಿಡುತ್ತಿರುತ್ತದೆ. ಅಂದರೆ ಸ್ವಿಚ್ ಹಾಕುವ ಮೊದಲೇ ನೀವು ಲೆಕ್ಕದ ಹೊರಗಿದ್ದೀರಿ. ಅದರ ಮೇಲೆ ಗಾಜು, ಮುಸುಕು, ಬಾಕ್ಸ್. ಇಂಥ ರಿಸೀವರ್‌ಗಳಲ್ಲಿ ಸಾಮಾನ್ಯವಾಗಿ ಇರುವ ಕ್ಲಾಸ್ ಎಬಿ ಬಗೆಯ ಆಂಪ್ಲಿಫೈಯರ್ ಕಡಿಮೆ ಸದ್ದಿನಲ್ಲಿ ಇದ್ದರೂ ಬಿಸಿಯಾಗುತ್ತದೆ. ಎಳೆದ ಕರೆಂಟಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಒಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರ್‌ಗಳ ಲೆಕ್ಕ ಇನ್ನೂ ಕಟುವಾದದ್ದು: ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಜಿನ ಬಾಗಿಲನ್ನು ಕೀಲು ಸಮೇತ ಕಳಚಿಡಿ. ಮೇಲೆ ಒಂದು ಗೇಣಿಗಿಂತ ಜಾಸ್ತಿ ಜಾಗ ಬಿಡಿ, ಅಕ್ಕಪಕ್ಕ ನಾಲ್ಕು ಬೆರಳಾದರೂ ಇರಲಿ. ಅವ್ವನ ಮುಸುಕನ್ನು ಆಫ್ ಮಾಡಿ ಪೂರಾ ಆರಿದ ಮೇಲೆ ಹೊದಿಸಿ. ಧೂಳಿಗೆ ಅದು ಬೇಕೇ ಬೇಕು.

ಈಗ ತಂತಿ. ಪ್ಲಗ್ ಕಿತ್ತು, ಸ್ಪೀಕರ್ ತಂತಿಗಳನ್ನೆಲ್ಲಾ ಬಿಚ್ಚಿ. ಒಂದೂ ಸ್ಪೀಕರ್ ಇಲ್ಲದೆ ಆನ್ ಮಾಡಿ ವಾಲ್ಯೂಮ್ ಏರಿಸಿ ನೋಡಿ. ಬಂದ್ ಆಗದೆ ನಡೆದರೆ ರಿಸೀವರ್ ಸರಿ ಇದೆ ಎಂದುಕೊಳ್ಳಿ. ಆಮೇಲೆ ಒಂದೊಂದೇ ಸ್ಪೀಕರ್ ಸೇರಿಸಿ, ಪ್ರತಿ ಸಲವೂ ಆಫ್ ಮಾಡಿಯೇ. ಯಾವುದನ್ನು ಹಾಕಿದಾಗ ‘ಟಕ್’ ಅನ್ನುತ್ತದೋ ಅದರ ತಂತಿಯನ್ನು ಟಾರ್ಚ್ ಹಿಡಿದು ನೋಡಿ. ಕೆಂಪು ಟರ್ಮಿನಲ್‌ನಿಂದ ಒಂದೇ ಒಂದು ತಾಮ್ರದ ಎಳೆ ಹೊರಗೆ ಚಾಚಿದ್ದರೂ ಸಾಕು. ಜೋರು ಸದ್ದಿಗೆ ಅದು ನಡುಗಿ ಕಪ್ಪಿಗೆ ಮುಟ್ಟುತ್ತದೆ. ತಂತಿಯ ತುದಿಯನ್ನು ಬಿಗಿಯಾಗಿ ಹೊಸೆದು ಒಳಗೆ ತೂರಿಸಿ.

ಹಿಂದಿನ ಸ್ಪೀಕರ್‌ಗಳಿಗೆ ಚೀಟಿ ಇಲ್ಲದಿದ್ದರೂ ಮಲ್ಟಿಮೀಟರ್ ಹೇಳುತ್ತದೆ. ತಂತಿ ಬಿಚ್ಚಿ ಓಮ್‌ನಲ್ಲಿಟ್ಟು ಮುಟ್ಟಿಸಿ. ಸುಮಾರು 6 ತೋರಿಸಿದರೆ ಅದು 8 ಓಮ್ ಸ್ಪೀಕರ್. 3 ಚಿಲ್ಲರೆ ತೋರಿಸಿದರೆ 4 ಓಮ್. ಡಿವಿಡಿ ಸೆಟ್ಟುಗಳಲ್ಲಿ 3 ಮತ್ತು 4 ಓಮ್‌ನವು ಜಾಸ್ತಿ ಬರುತ್ತಿದ್ದವು. ಓಮ್ ಕಡಿಮೆಯಾದಷ್ಟೂ ರಿಸೀವರ್ ಜಾಸ್ತಿ ಕರೆಂಟ್ ಕೊಡಬೇಕು, ಜಾಸ್ತಿ ಬಿಸಿ. ನಿಮ್ಮ ರಿಸೀವರ್ ಬೆನ್ನಿನಲ್ಲಿ ಟರ್ಮಿನಲ್ ಪಕ್ಕದಲ್ಲೇ ಎಷ್ಟು ಓಮ್‌ಗಿಂತ ಕಡಿಮೆ ಹಾಕಬಾರದು ಎಂದು ಬರೆದಿರುತ್ತದೆ. ಅದನ್ನು ಮೀರಬೇಡಿ.

135 ವ್ಯಾಟ್ ಬಗ್ಗೆ ಹೇಳಿದಿರಿ. ಒಂದು ಚಾನಲ್ ಮಾತ್ರ ಓಡಿಸಿ, ಒಂದೇ ಸ್ವರ ಕೊಟ್ಟು ಅಳೆದ ಅಂಕಿ ಅದು. ಐದೂ ಒಟ್ಟಿಗೆ ಹಾಡಿದರೆ ಅಷ್ಟು ಸಿಗುವುದಿಲ್ಲ. ಹೊಸದು ಕೊಳ್ಳುವವರು 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನಲ್ ಓಡಿಸಿದಾಗ ಎಷ್ಟು ಎಂಬ ಸಾಲನ್ನು ಹುಡುಕಿ. ಅಂಕಿ ಚಿಕ್ಕದಿರುತ್ತದೆ, ಆದರೆ ನಂಬಬಹುದು. ಚಿಕ್ಕದು ಎಂದು ಬೇಜಾರೂ ಬೇಡ. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಮನೆಯ ಹಾಲ್‌ನಲ್ಲಿ ಮಾತು ಕೇಳಲು ಒಂದೆರಡು ವ್ಯಾಟ್ ಸಾಕು.

ಕೂಲರ್ ಇದೆಯೇ? ಇದ್ದರೆ ಎರಡು ಮಾತು. ಅದರ ಗಾಳಿ ನೇರ ರಿಸೀವರ್‌ಗೆ ಬೀಳಬಾರದು. ನಮ್ಮ ಕಡೆಯ ಗಡಸು ನೀರು ಗೊತ್ತಲ್ಲ, ಕೂಲರ್ ಜಾಲರಿಯ ಮೇಲೆ ಕೂರುವ ಬಿಳಿ ಪುಡಿಯನ್ನು ನಾನು ರಿಸೀವರ್ ಒಳಗೂ ನೋಡಿದ್ದೇನೆ. ತೇವ ಮತ್ತು ಧೂಳು ಸೇರಿದರೆ ಬೋರ್ಡ್ ಮೇಲೆ ಕೆಸರಿನಂತೆ ಹಿಡಿದುಕೊಳ್ಳುತ್ತದೆ. ಎರಡನೆಯದು, ಕೂಲರ್ ಮತ್ತು ರಿಸೀವರ್ ಒಂದೇ ಸ್ವಿಚ್‌ಬೋರ್ಡಿನಲ್ಲಿ ಬೇಡ. ಮೋಟರ್ ಎದ್ದಾಗ ವೋಲ್ಟೇಜ್ ಜಗ್ಗುತ್ತದೆ. ಇರಬೇಕಾದದ್ದು 230. ಸಂಜೆ ಅದು ತೀರಾ ಇಳಿಯುತ್ತಿದ್ದರೆ ಸ್ಟೆಬಿಲೈಸರ್ ಹಾಕಿ. ಸ್ಪೈಕ್ ಗಾರ್ಡ್ ಇಳಿದ ವೋಲ್ಟೇಜನ್ನು ಏರಿಸುವುದಿಲ್ಲ. ಕರೆಂಟ್ ಹೋದ ಕೂಡಲೇ ಸ್ವಿಚ್ ಆಫ್ ಮಾಡಿ, ಬಂದು ಐದು ನಿಮಿಷದ ಮೇಲೆ ಹಾಕಿ. ಗುಡುಗು ಮಿಂಚು ಕಂಡರೆ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಕಿತ್ತಿಡಿ. ಮಳೆ ಹಿಡಿಯುವ ಹೊತ್ತಿಗೆ ನನ್ನ ಟೇಬಲ್ಲಿಗೆ ಬರುವ ಎಚ್‌ಡಿಎಂಐ ಬೋರ್ಡುಗಳಲ್ಲಿ ಹಲವು ಆ ಕೇಬಲ್ ದಾರಿಯಿಂದ ಸತ್ತವು.

ಧೂಳಿಗೆ ಒಂದು ಇಂಚಿನ ಹೊಸ ಪೇಂಟ್ ಬ್ರಷ್ ಸಾಕು. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಜಾಲರಿ ಒರೆಸಿ. ಒದ್ದೆ ಬಟ್ಟೆ ಬೇಡ. ಮುಚ್ಚಳ ನೀವು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಒಳಗೆ ಹಲ್ಲಿ ಮೊಟ್ಟೆ ಇಟ್ಟಿರುವ ಅನುಮಾನ ಬಂದರೆ ಬಿಚ್ಚುವವರ ಬಳಿಗೇ ಒಯ್ಯಿರಿ.

ಆಳಂದ ರಸ್ತೆ

ಅಣ್ಣಾರೆ, ನಡುವೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮ ಅಳಿಯ ಅಮೆರಿಕದಿಂದ ಬರುವಾಗ ಒಂದು ರಿಸೀವರ್ ತರುತ್ತೇನೆ ಅಂತಿದ್ದಾನೆ. ತರಲಿ ಅನ್ನಲೇ?

ಬೀದರ್ ಸೋಲ್ಡರ್

ಬೇಡ ಅನ್ನಿ. ಅಲ್ಲಿಯದು 120 ವೋಲ್ಟ್. ಇಲ್ಲಿ ನೇರ ಹಾಕಿದರೆ ಕ್ಷಣದಲ್ಲಿ ಹೋಗುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ, ಅದೂ ರಿಸೀವರ್ ಬಳಸುವುದರ ದುಪ್ಪಟ್ಟು ತಾಕತ್ತಿನದು. ಮನೆಯಲ್ಲಿ ಯಾರಾದರೂ ಮರೆತು ಗೋಡೆಗೆ ಸಿಕ್ಕಿಸಿದರೆ ಮುಗಿಯಿತು. ದುಬೈ ಕಡೆಯಿಂದ ತಂದರೆ ವೋಲ್ಟೇಜ್ ಚಿಂತೆ ಇಲ್ಲ.

ಯಾದಗಿರಿ ಅಕ್ಕ

ಮೇಷ್ಟ್ರೇ, ಅವ್ವನ ಮಾತಿನ ವಿಷಯ ಯಾರೂ ಮುಟ್ಟಲಿಲ್ಲ, ಅದಕ್ಕೇ ಬರೆದೆ. ನಮ್ಮ ಅತ್ತೆಯವರದೂ ಇದೇ ತಕರಾರು ಇತ್ತು.

ಒಮ್ಮೆ ಟಿವಿಯ ಸೌಂಡ್ ಸೆಟ್ಟಿಂಗ್ ನೋಡಿ. ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದಿದ್ದರೆ ಆಪ್ಟಿಕಲ್‌ನಲ್ಲಿ ಎರಡೇ ಚಾನಲ್ ಬರುತ್ತವೆ. ಹಾಗಿರುವಾಗ ರಿಸೀವರನ್ನು ಸ್ಟೀರಿಯೋದಲ್ಲಿ ಇಟ್ಟರೆ ಸೆಂಟರ್ ಸ್ಪೀಕರ್ ಸುಮ್ನೆ ಕೂತಿರುತ್ತದೆ. ಮಾತು ಬರಬೇಕಾದದ್ದೇ ಅಲ್ಲಿಂದ. ಬಿಟ್‌ಸ್ಟ್ರೀಮ್ ಅಥವಾ ಆಟೋಗೆ ಬದಲಿಸಿ. ರಿಸೀವರ್‌ನಲ್ಲಿ ಡಾಲ್ಬಿ ಮೋಡ್ ಇಡಿ, ಎರಡು ಚಾನಲ್ಲಿನ ಕಾರ್ಯಕ್ರಮದ ಮಾತನ್ನೂ ಅದು ಸೆಂಟರ್‌ಗೆ ಕಳಿಸುತ್ತದೆ. ಟಿವಿ, ರಿಸೀವರ್ ಎರಡಕ್ಕೂ ಎಚ್‌ಡಿಎಂಐ ಆರ್ಕ್ (ಟಿವಿಯ ಸದ್ದನ್ನು ಎಚ್‌ಡಿಎಂಐ ವೈರಿನಲ್ಲೇ ರಿಸೀವರ್‌ಗೆ ಕಳಿಸುವ ಸೌಲಭ್ಯ) ಇದ್ದರೆ ಅದನ್ನೇ ಬಳಸಿ. ಟಿವಿ ರಿಮೋಟ್ ಒಂದರಲ್ಲೇ ವಾಲ್ಯೂಮ್ ಏರಿಳಿಸಬಹುದು. ವಯಸ್ಸಾದವರ ಕೈಗೆ ಎರಡು ರಿಮೋಟ್ ಕೊಡಬಾರದು.

ಸೆಂಟರ್ ಮಟ್ಟವನ್ನು 3 ಡೆಸಿಬಲ್ ಏರಿಸಿ. ಕ್ರಾಸ್‌ಓವರ್, ಅಂದರೆ ದಪ್ಪ ಸದ್ದನ್ನು ಸಬ್‌ವೂಫರ್‌ಗೆ ಬೇರೆ ಮಾಡುವ ಗೆರೆಯನ್ನು 80 ಹರ್ಟ್ಸ್‌ಗೆ ಇಡಿ, ಗುಡುಗುವುದೆಲ್ಲಾ ಸಬ್‌ವೂಫರ್‌ಗೆ ಹೋಗಿ ಸೆಂಟರ್ ಹಗುರಾಗುತ್ತದೆ. ಡೈನಾಮಿಕ್ ರೇಂಜ್ ಅಥವಾ ನೈಟ್ ಮೋಡ್ ಎಂದು ಒಂದು ಇರುತ್ತದೆ. ಅದನ್ನು ಹಾಕಿದರೆ ಜೋರು ಸದ್ದು ತಗ್ಗುತ್ತದೆ, ಮೆಲ್ಲಗಿನ ಮಾತು ಮೇಲೆ ಬರುತ್ತದೆ.

ಒಂದು ಕೇಳಲಾ, ನೆಲಕ್ಕೆ ಏನಿದೆ? ಶಹಾಬಾದ್ ಕಲ್ಲೇ ಇರಬೇಕಲ್ವಾ. ಬರಿಯ ಕಲ್ಲು, ಬರಿಯ ಗೋಡೆ ಇದ್ದರೆ ಮಾತು ಬಡಿದು ಬಡಿದು ಕಲಸಿಹೋಗುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ, ‘ಝಣ್’ ಅಂದರೆ ಅದೇ ಕಾರಣ. ಟಿವಿಗೂ ಅವ್ವ ಕೂರುವ ಜಾಗಕ್ಕೂ ನಡುವೆ ದಪ್ಪ ಜಮಖಾನೆ ಹಾಸಿ. ನಮ್ಮಲ್ಲಿ ಸೆಟ್ಟಿಂಗ್‌ಗಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ.

ಸೇಡಂ ರಸ್ತೆ ಮೇಷ್ಟ್ರು

ಎಲ್ಲರಿಗೂ ಶರಣು ಶರಣಾರ್ಥಿ. ನಿನ್ನೆ ರಜೆ ಇತ್ತು, ಬೆಳಿಗ್ಗೆಯಿಂದ ಇದೇ ಕೆಲಸ.

ಬೀದರ್ ಅಣ್ಣಾವ್ರು ಹೇಳಿದ್ದು ಬರೋಬ್ಬರಿ. ಸ್ಪೀಕರ್ ಇಲ್ಲದೆ ಗಂಟೆಗಟ್ಟಲೆ ಬಂದ್ ಆಗದೆ ನಡೆಯಿತು. ಒಂದೊಂದೇ ಸೇರಿಸುತ್ತಾ ಬಂದೆ. ಹಿಂದಿನ ಬಲಗಡೆಯದನ್ನು ಹಾಕಿ ವಾಲ್ಯೂಮ್ ಏರಿಸಿದ ಕೂಡಲೇ ‘ಟಕ್’. ಟಾರ್ಚ್ ಬಿಟ್ಟು ನೋಡಿದರೆ ಕೂದಲಿನಷ್ಟು ಸಣ್ಣ ಎಳೆಯೊಂದು ಕೆಂಪಿನಿಂದ ಕಪ್ಪಿನ ಕಡೆ ಬಾಗಿ ನಿಂತಿತ್ತು. ತುದಿ ಸುಟ್ಟು ಕರ್ರಗಾಗಿತ್ತು. ಬೋರ್ಡ್ ಹೋಗಿದೆ ಎಂದು ಒಂದು ತಿಂಗಳು ನಾನು ನಿದ್ದೆ ಕೆಡಿಸಿಕೊಂಡದ್ದು ಆ ಎಳೆಗೆ. ಆ ಎರಡೂ ಸ್ಪೀಕರ್ ಮೀಟರ್‌ನಲ್ಲಿ 3.4 ತೋರಿಸಿದವು. ರಿಸೀವರ್ ಬೆನ್ನಿನಲ್ಲಿ 6 ಓಮ್‌ಗಿಂತ ಕಡಿಮೆ ಬೇಡ ಎಂದಿದೆ. ಏಳು ವರ್ಷ ಕಣ್ಣೆದುರೇ ಇದ್ದ ಸಾಲನ್ನು ನೋಡಿರಲಿಲ್ಲ.

ಗಾಜಿನ ಬಾಗಿಲು ಕಳಚಿ ಅಟ್ಟಕ್ಕೆ ಹಾಕಿದೆ. ರಾತ್ರಿ ಮೂರು ಗಂಟೆ ನಡೆಯಿತು, ಒಮ್ಮೆಯೂ ನಿಲ್ಲಲಿಲ್ಲ. ಮುಸುಕನ್ನು ಆರಿದ ಮೇಲೆ ಅವ್ವನೇ ಹೊದಿಸುತ್ತಾಳೆ.

ಯಾದಗಿರಿ ಅಕ್ಕಾರೆ, ಶಹಾಬಾದ್ ಕಲ್ಲೇ. ಟಿವಿಯಲ್ಲಿ ಪಿಸಿಎಂ ಎಂದೇ ಇತ್ತು, ಬದಲಿಸಿದೆ. ಟ್ರಂಕಿನಲ್ಲಿದ್ದ ಮದುವೆ ಕಾಲದ ಜಮಖಾನೆ ತೆಗೆದು ಹಾಸಿದೆ. ವಾರ್ತೆ ಹಾಕಿ ಅಡುಗೆಮನೆಗೆ ಹೋಗಿದ್ದೆ. ಅವ್ವ ಟಿವಿ ಮುಂದೆ ಕೂತಲ್ಲಿಂದಲೇ ಕೂಗಿ, ಜೇವರ್ಗಿ ಕಡೆ ಮಳೆ ಆಗಿದೆಯಂತೆ ಎಂದಳು. ಇಷ್ಟು ದಿನ ಅದನ್ನು ನಾನು ಅವಳ ಕಿವಿ ಹತ್ತಿರ ಹೋಗಿ ಹೇಳಬೇಕಿತ್ತು.

ಹಿಂದಿನ ಎರಡು ಸ್ಪೀಕರ್ ಸದ್ಯ ಬಿಚ್ಚಿಟ್ಟು, ಮೆನುವಿನಲ್ಲೂ ಇಲ್ಲ ಎಂದು ಗುರುತು ಮಾಡಿದ್ದೇನೆ. 8 ಓಮ್‌ನ ಸಣ್ಣ ಜೋಡಿ ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ಇಲ್ಲೇ ಹೇಳಿ, ಬಂದು ಒಯ್ಯುತ್ತೇನೆ.