ಅಂತರ ಕಾಲೇಜು ಕಬಡ್ಡಿಗೆ ಡೊಳ್ಳು ತರಬಹುದಾ? ಬ್ಯಾನರ್ ಮೇಲೆ ಯಾವ ಇಸವಿ?

ತುಂಗಾತೀರ:
ಕುವೆಂಪು ವಿ.ವಿ. ಅಂತರ ಕಾಲೇಜು ಕಬಡ್ಡಿ ಈ ಸಲ ನಮ್ಮ ಕಾಲೇಜಲ್ಲಿ. ಹುಡುಗರು ಆರು ಡೊಳ್ಳು ತರ್ತೀವಿ ಅಂತಿದ್ದಾರೆ, ರೆಫ್ರಿ ತಕರಾರು ಮಾಡ್ತಾರಾ? ಇನ್ನೊಂದು: ಕಪಾಟಿನಲ್ಲಿ 80ರ ದಶಕದ ಶುರುವಿನ ಕಪ್‌ಗಳಿವೆ. ಆ ಇಸವಿಗಳನ್ನೂ ಸೇರಿಸಿ ‘ಕುವೆಂಪು ವಿ.ವಿ. ಚಾಂಪಿಯನ್ಸ್’ ಅಂತ ಬ್ಯಾನರ್ ಬರೆಸಬಹುದಾ? ಬೋರ್ಡಿನಲ್ಲಿ ಕೆಲವರ ಹೆಸರಿನ ಮುಂದೆ ‘ಬ್ಲೂ’ ಅಂತಿದೆ, ಅದೇನು?

ಬೋನಸ್ ಗೆರೆ:
ಡೊಳ್ಳು ತನ್ನಿ, ಆದ್ರೆ ರೈಡ್ ನಡೀವಾಗ ಕೋಲು ಕೆಳಗಿರಲಿ. ರೈಡರ್ ಎದುರಾಳಿ ಅಂಕಣ ಮುಟ್ಟೋ ಮೊದಲೇ ‘ಕಬಡ್ಡಿ ಕಬಡ್ಡಿ’ ಶುರು ಮಾಡಿರಬೇಕು, ಮಧ್ಯೆ ತಡೀಬಾರದು, ಅದು ಅಂಪೈರ್ ಕಿವಿಗೆ ಬೀಳಬೇಕು. ಆರು ಡೊಳ್ಳಿನ ಎದುರು ಎಲ್ಲಿ ಕೇಳುತ್ತೆ ಮಾರಾಯ್ರೆ? ಉಸಿರು ಬಿಟ್ಟ ಅಂತ ಔಟ್ ಕೊಟ್ಟರೆ ನಷ್ಟ ನಿಮ್ಮ ಹುಡುಗನಿಗೇ.

ಒಂದು ರೈಡ್ 30 ಸೆಕೆಂಡ್. ಅದು ಮುಗಿದ 5 ಸೆಕೆಂಡಿನೊಳಗೆ ಇನ್ನೊಂದು ಕಡೆಯವ ಹೊರಡಬೇಕು. ಅಷ್ಟರಲ್ಲಿ ಎರಡು ಪೆಟ್ಟು ಹಾಕಬಹುದು, ಅಷ್ಟೇ. ಪೂರ್ತಿ ಕುಣಿತವನ್ನು ಟೈಮ್‌ಔಟಿಗೆ, 5 ನಿಮಿಷದ ವಿರಾಮಕ್ಕೆ ಇಟ್ಕೊಳ್ಳಿ. ಎದುರು ತಂಡ ಪೂರ್ತಿ ಔಟ್ ಆಗಿ ಲೋನಾ ಬಿದ್ದಾಗ ಒಂದು ಗುಡುಗು ಸಾಕು.

ಒಬ್ಬರನ್ನು ನಡುಗೆರೆ ಕಾಣುವಲ್ಲಿ ನಿಲ್ಲಿಸಿ. ಅವರು ಕೈ ಎತ್ತಿದ್ರೆ ನಿಲ್ಲಿಸಬೇಕು, ಇಳಿಸಿದ್ರೆ ಬಾರಿಸಬೇಕು. ಡೊಳ್ಳಿನವರು ಆಟ ನೋಡಿದ್ರೆ ಕೆಟ್ಟಿತು, ಉತ್ಸಾಹದಲ್ಲಿ ಕೋಲು ನಿಲ್ಲಲ್ಲ. ಆ ಕೈ ಮಾತ್ರ ನೋಡ್ಲಿ. ಅಂಪೈರ್‌ಗಳು ಎರಡೂ ಪಕ್ಕದ ಗೆರೆ ಹತ್ತಿರ ಇರ್ತಾರೆ, ಹಾಗಾಗಿ ಡೊಳ್ಳಿನ ಸಾಲು ಅಂಕಣದ ತುದಿಗೆರೆಯ ಹಿಂದೆ, ಹತ್ತು ಮೀಟರ್ ಆಚೆ. ಸ್ಕೋರರ್ ಮೇಜಿನ ಪಕ್ಕ ಖಂಡಿತ ಬೇಡ.

ಪೀಪಿ, ಸೀಟಿ ಗೇಟಲ್ಲೇ ತೆಗೆದಿಟ್ಕೊಳ್ಳಿ. ರೆಫ್ರಿ ಸೀಟಿ ಅಂದ್ಕೊಂಡು ಡಿಫೆಂಡರ್ ಹಿಡಿತ ಸಡಿಲಿಸಿದ್ರೆ ಪಾಯಿಂಟ್ ಹೋಯ್ತು, ಆಮೇಲೆ ಜಗಳ. ಬಣ್ಣದ ಕಾಗದದ ಚೂರೂ ಬೇಡ, ಮ್ಯಾಟ್ ಮೇಲೆ ಬಿದ್ರೆ ಕಾಲು ಜಾರುತ್ತೆ.

ಹಳೇ ಕಪಾಟು:
ಹಾಗೆ ಬರೆಸಬೇಡಿ. ಕುವೆಂಪು ವಿ.ವಿ. ಶುರುವಾಗಿದ್ದೇ 1987ರಲ್ಲಿ. ಅದಕ್ಕೂ ಮೊದಲು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಾಲೇಜುಗಳು 1916ರ ಮೈಸೂರು ವಿ.ವಿ. ಕೆಳಗಿದ್ದವು. ನಿಮ್ಮ 80ರ ಶುರುವಿನ ಕಪ್ ಅಲ್ಲಿಯದು. ಒಂದು ಲೆಕ್ಕದಲ್ಲಿ ಅದರ ತೂಕವೇ ಹೆಚ್ಚು, ಎದುರಾಳಿ ಕಾಲೇಜುಗಳು ಜಾಸ್ತಿ ಇದ್ದವು. 2009ರಲ್ಲಿ ದಾವಣಗೆರೆ ವಿ.ವಿ. ಬೇರೆಯಾಯ್ತು, ದಾವಣಗೆರೆ, ಚಿತ್ರದುರ್ಗದ ತಂಡಗಳು ಆ ಕಡೆ ಹೋದ್ವು. ಎರಡು ಸಾಲು ಮಾಡಿ: ‘ಮೈಸೂರು ವಿ.ವಿ.’ ಇಸವಿಗಳು ಮೇಲೆ, ‘ಕುವೆಂಪು ವಿ.ವಿ.’ ಇಸವಿಗಳು ಕೆಳಗೆ. ಕಪ್ಪಿನ ಮೇಲೆ ‘ವಲಯ’ ಅಂತ ಕೆತ್ತಿದ್ರೆ ಅದು ವಲಯ ಮಟ್ಟದ ಗೆಲುವು, ಅದನ್ನ ವಿ.ವಿ. ಚಾಂಪಿಯನ್ ಲೆಕ್ಕಕ್ಕೆ ಹಾಕಬೇಡಿ.

‘ಬ್ಲೂ’ ಅಂದ್ರೆ ವಿ.ವಿ. ತಂಡಕ್ಕೆ ಆಯ್ಕೆಯಾಗಿ ಬೇರೆ ವಿ.ವಿ.ಗಳ ಎದುರು ಆಡಿದವರು. ಕಾಲೇಜು ತಂಡ ಗೆದ್ದ ಮಾತ್ರಕ್ಕೆ ಹನ್ನೆರಡೂ ಜನ ಬ್ಲೂ ಆಗಲ್ಲ. ಹೆಸರು ಬಂದಿದ್ದು ಆಕ್ಸ್‌ಫರ್ಡ್, ಕೇಂಬ್ರಿಜ್ ಆಟಗಾರರ ನೀಲಿ ಬಣ್ಣದಿಂದ.

ಮಂಡಗದ್ದೆ ಹಕ್ಕಿ:
ಮಳೆ ದಿನ ಆದ್ರೆ ಡೊಳ್ಳಿನ ಚರ್ಮ ತೇವ ಕುಡಿದು ಸಡಿಲ ಆಗುತ್ತೆ, ದನಿ ‘ಧಬ್’ ಅಂತ ಸತ್ತು ಬರುತ್ತೆ. ಹಗ್ಗ ಬಿಗಿದು, ಹುಲ್ಲಿನ ಬೆಂಕಿಗೆ ದೂರದಿಂದ ತಿರುಗಿಸ್ತಾ ಕಾಯಿಸಿ. ಹತ್ತಿರ ಹಿಡಿದ್ರೆ ಚರ್ಮ ಸೀಳುತ್ತೆ. ಬಾರಿಸದಾಗ ಒದ್ದೆ ನೆಲದ ಮೇಲಿಡಬೇಡಿ, ಬೆಂಚಿನ ಮೇಲಿಟ್ಟು ಟಾರ್ಪಾಲು ಹೊದಿಸಿ.

ಬ್ಯಾನರ್ ಬಟ್ಟೆಯದ್ದೇ ಆಗ್ಲಿ. ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷೇಧ. ಪೋಸ್ಟರ್ ಕಲರ್ ಮಳೆಗೆ ಇಳಿಯುತ್ತೆ, ಫ್ಯಾಬ್ರಿಕ್ ಪೇಂಟ್ ಹಾಕಿ ಒಂದು ರಾತ್ರಿ ಒಣಗಿಸಿ. ಎರಡೂ ತುದಿಗೆ ಬಿದಿರಿನ ಕೋಲು ತೂರಿಸೋ ಹಾಗೆ ಮಡಚಿ ಹೊಲಿಸಿ.

ತುಂಗಾತೀರ:
ಮಹಿಳೆಯರ ಪಂದ್ಯಕ್ಕೂ ಹತ್ತು ಮೀಟರೇನಾ?

ಬೋನಸ್ ಗೆರೆ:
ಅವರ ಅಂಕಣ 12 × 8, ಪುರುಷರದು 13 × 10. ತುದಿಗೆರೆ ಅರ್ಧ ಮೀಟರ್ ಒಳಗೆ ಬರುತ್ತೆ. ಡೊಳ್ಳು ಇದ್ದಲ್ಲೇ ಇರಲಿ, ಎಳೆದಾಡಬೇಡಿ.