ಏರ್‌ಪೋರ್ಟ್ ಕೆಲಸ, ಕನಿಷ್ಠ ಕೂಲಿ: ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಕಂಟ್ರಾಕ್ಟ್ ಮೇಲೆ ಇರುವವರಿಂದ ಸಂಬಳದ ಪ್ರಶ್ನೆಗಳು ತುಂಬಾ ಬರ್ತಿವೆ. ಕಾರ್ಮಿಕ ಕೇಸು ನಡೆಸುವ ವಕೀಲೆ ಮೇಡಂ ಇವತ್ತು ಸಂಜೆ ಉತ್ತರ ಕೊಡ್ತಾರೆ. ಕಂಪನಿ ಹೆಸರು, ಸೂಪರ್‌ವೈಸರ್ ಹೆಸರು ಹಾಕಬೇಡಿ. ಫಾರ್ವರ್ಡ್‌ ಬೇಡ.

ಲೋಡರ್ ಚಿಕ್ಕಜಾಲ: ಮೇಡಂ, ವಿಮಾನಕ್ಕೆ ಲಗೇಜ್ ತುಂಬೋ ಕೆಲಸ ನಂದು. ಕನಿಷ್ಠ ಕೂಲಿ ಎಷ್ಟು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ವಕೀಲರು: ಹಾಗಾಗೋಕೆ ಕಾರಣ ಇದೆ. ಪಟ್ಟಿ ಎರಡಿವೆ, ಕೇಂದ್ರದ್ದು ಒಂದು, ರಾಜ್ಯದ್ದು ಒಂದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾನೂನು, ವೇತನ ಸಂಹಿತೆಯಲ್ಲಿ ವಿಮಾನ ಸಾರಿಗೆ ಸೇವೆ ಕೇಂದ್ರದ ಕೆಳಗೆ ಬರುತ್ತೆ, ಅದಕ್ಕೆ ಕೆಲಸ ಮಾಡಿಕೊಡುವ ಕಂಟ್ರಾಕ್ಟರೂ ಸೇರಿ. ನಿಮ್ಮದು ಕೇಂದ್ರದ ಪಟ್ಟಿ. 2024ರ ಅಕ್ಟೋಬರ್ 1ರ ಆದೇಶದ ಪ್ರಕಾರ ಎ ವಲಯದಲ್ಲಿ, ಅಂದ್ರೆ ಬೆಂಗಳೂರಿನಂಥ ದೊಡ್ಡ ನಗರದಲ್ಲಿ, ಗುಡಿಸೋದು, ಕ್ಲೀನಿಂಗ್, ಲೋಡಿಂಗ್‌ನಂಥ ಕೌಶಲರಹಿತ ಕೆಲಸಕ್ಕೆ ದಿನಕ್ಕೆ 783 ರೂಪಾಯಿ, ಅರೆಕುಶಲಕ್ಕೆ 868, ಕುಶಲಕ್ಕೆ 954, ಅತಿಕುಶಲಕ್ಕೆ 1,035. ಆಮೇಲೆ ಪ್ರತಿ ಏಪ್ರಿಲ್, ಪ್ರತಿ ಅಕ್ಟೋಬರ್ ತುಟ್ಟಿಭತ್ಯೆ ಪರಿಷ್ಕರಣೆ ಇರುತ್ತೆ. ಅಂದ್ರೆ 783ಕ್ಕಿಂತ ಕಡಿಮೆ ಕೊಡ್ತಿದ್ದರೆ ಲೆಕ್ಕ ಹಾಕೋದೇ ಬೇಡ, ಮೋಸ.

ಕಾಫಿ ಕೌಂಟರ್: ಟರ್ಮಿನಲ್ ಒಳಗಿನ ಕಾಫಿ ಅಂಗಡಿಯವರಿಗೂ ಇದೇನಾ?

ವಕೀಲರು: ಇಲ್ಲ. ಅಂಗಡಿ, ಹೋಟೆಲ್ ವಿಮಾನ ಸೇವೆ ಅಲ್ಲ. ನಿಮಗೆ ರಾಜ್ಯದ ಪಟ್ಟಿ.

ಕಾಫಿ ಕೌಂಟರ್: ಅದೇ ಗೇಟು, ಅದೇ ಪಾಸು, ಅದೇ ಚೆಕಿಂಗು. ಸಂಬಳ ಮಾತ್ರ ಬೇರೆ!

ಟಿ2 ನೈಟ್ ಶಿಫ್ಟ್: ಒಂದು ವರ್ಷಕ್ಕೇ ಗ್ರಾಚುಟಿ ಬರುತ್ತಂತೆ ಹೊಸ ಕಾನೂನಲ್ಲಿ, ನಿಜಾನಾ ಮೇಡಂ?

ವಕೀಲರು: ನಿಗದಿತ ಅವಧಿಗೆ ಅಂತ ಬರೆದುಕೊಂಡು ಸೇರಿಸಿಕೊಂಡವರಿಗೆ ಮಾತ್ರ. ನೇಮಕಾತಿ ಪತ್ರ ನೋಡಿ.

ಸಾದಹಳ್ಳಿ ಗೇಟ್: ಎಲ್ಲರಿಗೂ ಶುಭ ಸುದ್ದಿ. ಮುಂದಿನ ತಿಂಗಳಿಂದ ಏರ್‌ಪೋರ್ಟ್‌ನ ಎಲ್ಲಾ ಕಾರ್ಮಿಕರಿಗೆ ಕನಿಷ್ಠ 34 ಸಾವಿರ!! ಮೇನೇಜರ್‌ಗೆ ಈ ಮೆಸೇಜ್ ತೋರಿಸಿ, ಕೊಡದಿದ್ದರೆ ಜೈಲು. 20 ಜನಕ್ಕೆ ಕಳಿಸಿ.

ವಕೀಲರು: ಇದನ್ನು 20 ಜನಕ್ಕೆ ಕಳಿಸಬೇಡಿ, ಒಬ್ಬರಿಗೂ ಕಳಿಸಬೇಡಿ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಒಂದು ಕರಡು ಹೊರಡಿಸಿತ್ತು, ಅದರ ತುತ್ತತುದಿಯ ಅಂಕಿ ಅದು. ಕರಡು ಅಂದ್ರೆ ಆಕ್ಷೇಪಣೆ ಕೇಳೋಕೆ ಹಾಕಿದ ಕಾಗದ. ಅದರ ಕೊನೇ ಸಾಲಿನ ಅಂಕಿ ಕಿತ್ತು "ಎಲ್ಲರಿಗೂ" ಅಂತ ಸೇರಿಸಿದ್ದಾರೆ. ಇದನ್ನು ತೋರಿಸಿಕೊಂಡು ಮೇನೇಜರ್ ಹತ್ರ ಹೋದವನು ನಗೆಪಾಟಲಾಗ್ತಾನೆ, ಆಮೇಲೆ ನಿಜವಾದ ಬಾಕಿ ಕೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಗೆಜೆಟ್ ಸಂಖ್ಯೆ, ದಿನಾಂಕ ಇದ್ದರೆ ಹಾಕಿ. ಇಲ್ಲಾಂದ್ರೆ ಅಳಿಸಿ.

ಸಾದಹಳ್ಳಿ ಗೇಟ್: ನಮ್ಮ ಯೂನಿಯನ್‌ನೋರೇ ಕಳಿಸಿದ್ದು ಮೇಡಂ, ಬೇಜಾರಾಗಬೇಡಿ.

ವಿಜಯಪುರದ ಅಕ್ಕ: ಮೇಡಂ, ನಾನು ಟರ್ಮಿನಲ್‌ನಲ್ಲಿ ಹೌಸ್‌ಕೀಪಿಂಗ್, ಬಾತ್‌ರೂಮ್ ಸೆಕ್ಷನ್. ಸ್ಲಿಪ್‌ನಲ್ಲಿ 26 ದಿನಕ್ಕೆ 20,358 ಇದೆ. ಪಿಎಫ್ 2,443, ಇಎಸ್‌ಐ 153 ಕಟ್ಟಾಗಿ 17,762 ಬ್ಯಾಂಕಿಗೆ ಬೀಳುತ್ತೆ. ಸಂಬಳ ಬಿದ್ದ ಮಾರನೇ ದಿನ ಸೂಪರ್‌ವೈಸರ್ ಬಸ್‌ಸ್ಟಾಪ್ ಹತ್ರ ನಿಂತಿರ್ತಾರೆ. ಪ್ರತಿಯೊಬ್ಬರೂ 4,000 ಕ್ಯಾಶ್ ವಾಪಸ್ ಕೊಡಬೇಕು. ಸಣ್ಣ ನೋಟ್‌ಬುಕ್‌ನಲ್ಲಿ ಹೆಸರಿನ ಮುಂದೆ ಟಿಕ್ ಹಾಕ್ಕೋತಾರೆ. ಫೋನ್‌ಪೇ ಮಾಡ್ತೀನಿ ಅಂದ್ರೆ ಬೈತಾರೆ. ಕೊಡದ ಇಬ್ಬರಿಗೆ ಪಾಸ್ ರಿನ್ಯೂ ಆಗಲಿಲ್ಲ. ಈಗ ಕಂಟ್ರಾಕ್ಟ್ ಬದಲಾಗ್ತಿದೆ, ರಾಜೀನಾಮೆ ಬರೆದುಕೊಡಿ, ಹೊಸಬರು ಸೇರಿಸಿಕೊಳ್ತಾರೆ ಅಂತಿದ್ದಾರೆ. ಏನು ಮಾಡಲಿ? ಕೂಲಿ ಜಾಸ್ತಿ ಆದ್ರೆ ವಾಪಸ್ ಕೊಡೋದೂ ಜಾಸ್ತಿ ಆಗುತ್ತೆ ಅಷ್ಟೇ. ಹಿಂದೆ 3,000 ಇತ್ತು.

ವಕೀಲರು: ಅಕ್ಕ, ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಬರೀತೀನಿ, ಉಳಿದವರು ಕಾಯಿರಿ.

ಕಾಗದದಲ್ಲಿ ನಿಮ್ಮ ಸಂಬಳ ಮೇಲ್ನೋಟಕ್ಕೆ ಸರಿ ಇದೆ. ಅದೇ ನನ್ನ ಚಿಂತೆ. ಇನ್ಸ್‌ಪೆಕ್ಷನ್‌ಗೆ ಬಂದವರು ಸ್ಲಿಪ್ ನೋಡ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡ್ತಾರೆ, ಎರಡೂ ತಾಳೆ ಆಗುತ್ತೆ, ಫೈಲ್ ಮುಚ್ಚುತ್ತಾರೆ. ಬಸ್‌ಸ್ಟಾಪ್‌ನಲ್ಲಿ ನಡೆಯೋದು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ಕೈಗೆ ಉಳಿಯೋದು 13,762. ಕಾನೂನಿನ ಲೆಕ್ಕದಲ್ಲಿ ನಿಮಗೆ ಕನಿಷ್ಠ ಕೂಲಿ ಸಿಕ್ಕಿಲ್ಲ, ಆದರೆ ಅದನ್ನು ತೋರಿಸಬೇಕು. ಕೂಲಿ ಕೊಟ್ಟಿದ್ದೀವಿ ಅಂತ ಸಾಬೀತು ಮಾಡುವ ಹೊಣೆ ಮಾಲೀಕನದೇ, ಆದರೆ ನಿಮ್ಮ ಬ್ಯಾಂಕ್ ಖಾತೆಯನ್ನೇ ಅವನು ಸಾಕ್ಷಿಗೆ ತರ್ತಾನೆ. ಅದಕ್ಕೆ ನಿಮ್ಮ ಹತ್ರ ಬೇರೆ ಏನಾದರೂ ಇರಬೇಕು.

ಸಂಬಳದ ಮಾರನೇ ದಿನ ಎಟಿಎಂನಿಂದ ತೆಗೆದ 4,000, ಪ್ರತಿ ತಿಂಗಳೂ ಅದೇ ದಿನ, ಅದೇ ಮೊತ್ತ. ಒಬ್ಬರ ಖಾತೆಯಲ್ಲಿ ಅದು ಖರ್ಚು ಅನಿಸುತ್ತೆ. ಹತ್ತು ಜನರ ಖಾತೆಯಲ್ಲಿ ಅದೇ ದಿನ ಅದೇ 4,000 ಇದ್ದರೆ ಅದನ್ನು ಖರ್ಚು ಅಂತ ಯಾರೂ ನಂಬಲ್ಲ. ಸೂಪರ್‌ವೈಸರ್ ವಾಟ್ಸಾಪ್‌ನಲ್ಲಿ "ನಾಳೆ ತನ್ನಿ" ಅಂತ ಒಂದು ಸಾಲು ಹಾಕಿದ್ದರೂ ಅಳಿಸಬೇಡಿ. ಆ ನೋಟ್‌ಬುಕ್ ಫೋಟೋ ತೆಗೆಯೋಕೆ ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ. ಏರ್‌ಪೋರ್ಟ್ ಒಳಗೆ ಫೋನ್ ಎತ್ತಿ ಫೋಟೋ ಹೊಡೆದರೆ ಬೇರೆ ತಲೆನೋವು.

ರಾಜೀನಾಮೆ ಬರೆದುಕೊಡಬೇಡಿ. ಕಂಟ್ರಾಕ್ಟ್ ಮುಗಿದರೆ ಅವರೇ ಬಿಡುಗಡೆ ಪತ್ರ ಕೊಡಲಿ. ನೀವಾಗಿ ಬಿಟ್ಟಿರಿ ಅಂತ ಕಾಗದ ಆದರೆ ಹಳೇ ಸರ್ವೀಸ್ ಗ್ರಾಚುಟಿ ಲೆಕ್ಕದಲ್ಲಿ ಕೈಬಿಡ್ತಾರೆ, ಹೊಸಬರು ಸೇರಿಸಿಕೊಳ್ಳದಿದ್ದರೆ ಕೇಳೋಕೂ ದಾರಿ ಇರಲ್ಲ. ಖಾಲಿ ಹಾಳೆಗೆ ಸಹಿ ಅಂತೂ ಬೇಡವೇ ಬೇಡ. ಕೆಲಸ ಬಿಟ್ಟರೂ ತೆಗೆದರೂ 2 ಕೆಲಸದ ದಿನದೊಳಗೆ ಪೂರ್ತಿ ಲೆಕ್ಕ ಚುಕ್ತಾ ಆಗಬೇಕು.

ಮತ್ತೆ ನಿಮ್ಮ ಸ್ಲಿಪ್ 783ರಲ್ಲೇ ನಿಂತಿದೆ. ಅದು 2024ರ ಅಕ್ಟೋಬರ್‌ನ ದರ. ಪರಿಷ್ಕರಣೆಯ ವ್ಯತ್ಯಾಸವೂ ಬಾಕಿ. ಹಿಂದೆ ಇಂಥ ಬಾಕಿ ಕೇಳೋಕೆ 6 ತಿಂಗಳು ಗಡುವು ಇತ್ತು, ಈಗ 3 ವರ್ಷ. ಸಾಬೀತಾದರೆ ಬಾಕಿಯ 10 ಪಟ್ಟಿನವರೆಗೂ ಪರಿಹಾರ ಹಾಕಬಹುದು.

ಅರ್ಜಿ ಕೊಡೋದು ಎಲ್ಲಿಗೆ ಅಂದ್ರೆ ಯಶವಂತಪುರದ ಶ್ರಮ ಸದನ, ಪ್ರಾದೇಶಿಕ ಕಾರ್ಮಿಕ ಆಯುಕ್ತರು, ಕೇಂದ್ರದ ಕಚೇರಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ರಾಜ್ಯದ್ದು. ಅಲ್ಲಿ ಕೊಟ್ಟರೆ ಇಲ್ಲಿಗೆ ಹೋಗಿ ಅಂತಾರೆ, ಅಷ್ಟರಲ್ಲಿ ತಿಂಗಳು ಹೋಗುತ್ತೆ. ಹೌಸ್‌ಕೀಪಿಂಗ್ ವಿಮಾನ ಸೇವೆ ಅಲ್ಲ ಅಂತ ಕಂಟ್ರಾಕ್ಟರ್ ತಕರಾರು ತೆಗೆದೇ ತೆಗೀತಾನೆ. ಆದರೆ ಸ್ಲಿಪ್‌ನಲ್ಲಿ ಕೇಂದ್ರದ ದರ ಅವನೇ ಹಾಕಿದ್ದಾನಲ್ಲ, ಆ ಸ್ಲಿಪ್ ಜೋಪಾನ. ಒಬ್ಬರೇ ಹೋಗಬೇಡಿ. ಒಬ್ಬರಾದರೆ ಪಾಸ್ ತಡೀತಾರೆ, ಹತ್ತು ಜನದ್ದು ತಡೆದರೆ ಬಾತ್‌ರೂಮ್ ತೊಳೆಯೋರು ಇರಲ್ಲ.

ಬಾಗಲೂರು ಬಾಯ್: ಅಕ್ಕ ಪಾಸ್ ವಾಪಸ್ ಕೊಡ್ಲೇಬೇಡಿ. ಇಟ್ಕೊಳ್ಳಿ. ದುಡ್ಡು ಸೆಟ್ಲ್ ಆದ್ಮೇಲೆ ಕೊಡಿ. ನಮ್ಮ ಫ್ರೆಂಡ್ ಹಾಗೇ ಮಾಡಿದ್ದು.

ವಕೀಲರು: ದಯವಿಟ್ಟು ಈ ಸಲಹೆ ಯಾರೂ ಪಾಲಿಸಬೇಡಿ. ಏರ್‌ಪೋರ್ಟ್ ಎಂಟ್ರಿ ಪಾಸ್ ನಿಮ್ಮ ಆಸ್ತಿ ಅಲ್ಲ, ಭದ್ರತಾ ದಾಖಲೆ. ಕೆಲಸ ಬಿಟ್ಟ ಮೇಲೆ ಇಟ್ಟುಕೊಂಡರೆ ಸಂಬಳದ ಕೇಸು ಪಕ್ಕಕ್ಕೆ ಹೋಗಿ ನಿಮ್ಮ ಮೇಲೇ ದೂರು ಆಗುತ್ತೆ. ಪಾಸ್ ಕೊಡಿ, ಕೊಟ್ಟಿದ್ದಕ್ಕೆ ದಿನಾಂಕ ಹಾಕಿಸಿ ಸಹಿ ತಗೊಳ್ಳಿ. ಫ್ರೆಂಡ್ ಮಾಡಿದ್ದೆಲ್ಲ ಕಾನೂನಲ್ಲ.

ಸಹಕಾರನಗರ ಟೆಕ್ಕಿ: ನಾನು ಪ್ಯಾಸೆಂಜರ್ ಕಡೆಯಿಂದ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲರಿಗೂ ಸಂಬಳ ಜಾಸ್ತಿ ಮಾಡ್ತಾ ಹೋದ್ರೆ ಕೊನೆಗೆ ಯೂಸರ್ ಫೀ ರೂಪದಲ್ಲಿ ನಮ್ಮ ಟಿಕೆಟ್ ಮೇಲೇ ತಾನೇ ಬೀಳೋದು?

ಲೋಡರ್ ಚಿಕ್ಕಜಾಲ: ನಿಮ್ಮ ಸೂಟ್‌ಕೇಸ್ 23 ಕೆಜಿ ಸರ್. ಒಂದು ಫ್ಲೈಟಿಗೆ ಅಂಥವು ಎಷ್ಟು ಎತ್ತುತ್ತೀವಿ ಅಂತ ಒಂದ್ಸಲ ಬಂದು ನೋಡಿ. ಬಗ್ಗಿಕೊಂಡೇ ಎತ್ತಬೇಕು, ವಿಮಾನದ ಹೊಟ್ಟೆಯೊಳಗೆ ನೆಟ್ಟಗೆ ನಿಲ್ಲೋಕಾಗಲ್ಲ.

ಸಹಕಾರನಗರ ಟೆಕ್ಕಿ: ಕೆಲಸ ಕಷ್ಟ ಇಲ್ಲ ಅಂತ ಹೇಳಲಿಲ್ಲ ಗುರು. ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳಿದೆ.

ಸಿಯಾಟಲ್ ಸುಬ್ಬಣ್ಣ: ಇಲ್ಲಿ ಅಮೆರಿಕದಲ್ಲಿ ನಮ್ಮ ಊರಿನ ಏರ್‌ಪೋರ್ಟ್ ಕಥೆ ಹೇಳ್ತೀನಿ. ಸಿಟ್ಯಾಕ್ ಅಂತ ಪುಟ್ಟ ಪಟ್ಟಣ, ವಿಮಾನ ನಿಲ್ದಾಣ ಅದರಲ್ಲೇ ಇದೆ. 2013ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಆಗಬೇಕಾ ಬೇಡವಾ ಅಂತ ಜನರಿಂದಲೇ ಮತ ಹಾಕಿಸಿದರು. ಗೆದ್ದಿದ್ದು ಬರೀ 77 ಮತದಿಂದ. ಒಂದು ವಿಮಾನ ಕಂಪನಿ ಕೋರ್ಟಿಗೆ ಹೋಯ್ತು, ನಿಲ್ದಾಣದೊಳಗೆ ಪಟ್ಟಣದ ಕಾನೂನು ನಡೆಯಲ್ಲ ಅಂತ. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನಡೆಯುತ್ತೆ ಅಂತ ಹೇಳ್ತು. ಈಗ 20 ಡಾಲರ್ ದಾಟಿದೆ. ವಿಮಾನ ಹಾರ್ತಾನೇ ಇದೆ.

ಸಾದಹಳ್ಳಿ ಗೇಟ್: ಗಂಟೆಗೆ 20 ಡಾಲರ್ ಅಂದ್ರೆ ನಮ್ಮ ಎರಡು ದಿನದ ಕೂಲಿ!

ಬಾಗಲೂರು ಬಾಯ್: ಸುಬ್ಬಣ್ಣ ಅವರೇ, ಅಲ್ಲಿ ಕೂತು ಇಲ್ಲಿಗೆ ಬುದ್ಧಿ ಹೇಳೋದು ಸುಲಭ. ಇಲ್ಲಿ 700ಕ್ಕೆ ಬರಲ್ಲ ಅಂದ್ರೆ 500ಕ್ಕೆ ಬರೋರು ರೈಲಲ್ಲಿ ಇಳೀತಾರೆ. ಏರ್‌ಪೋರ್ಟ್‌ಗೆ ಭೂಮಿ ಕೊಟ್ಟವರು ನಾವು, ಕೆಲಸ ಮಾತ್ರ ಹೊರಗಿನವರಿಗೆ.

ರಾಯಚೂರು ಹುಡುಗ: ಹೊರಗಿನವರು ಅಂದ್ರ ಯಾರ್ರಿ? ರಾಯಚೂರೂ ಕರ್ನಾಟಕದಾಗ ಐತಿ. ನಾವೇನ್ ಖುಷಿಗೆ ಕಡಿಮಿಗೆ ದುಡೀತೀವೇನ್ರಿ? ನಮ್ಮ ಕಡೆಯಿಂದ್ಲೂ 4,000 ವಾಪಸ್ ಇಸ್ಕೊಂತಾರ.

ಬಾಗಲೂರು ಬಾಯ್: ನಾನು ಬೇರೆ ರಾಜ್ಯದವರಿಗೆ ಹೇಳಿದ್ದು.

ರಾಯಚೂರು ಹುಡುಗ: ಒಡಿಶಾದವಗ ಹೊಟ್ಟಿ ಇಲ್ಲೇನು?

ಚಪ್ಪರಕಲ್ಲು: ನಮ್ಮಪ್ಪನ ಹೊಲ ಹೋಗಿ ಈಗ ನಾನು ಅದೇ ಜಾಗದ ಹತ್ರ ಪಾರ್ಕಿಂಗ್‌ನಲ್ಲಿ ಚೀಟಿ ಹರೀತೀನಿ. ಹೊಲ ಕಳ್ಕೊಳ್ಳೋದು ಅಂದ್ರೆ ಏನು ಅಂತ ನಿಮಗೆ ಗೊತ್ತಾ? ಸುಮ್ನೆ ಇರಿ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಯಲಹಂಕ ಸೂಪರ್‌ವೈಸರ್: ನಾನೂ ಸೂಪರ್‌ವೈಸರೇ, ಎಲ್ಲರೂ ಕ್ಯಾಶ್ ಇಸ್ಕೊಳ್ಳಲ್ಲ. ನನ್ನ ಪ್ರಶ್ನೆ ಬೇರೆ. ಸಂಬಳ 21 ಸಾವಿರ ದಾಟಿದ್ರೆ ಇಎಸ್‌ಐ ಹೋಗುತ್ತೆ. ಅಮ್ಮನಿಗೆ ಡಯಾಲಿಸಿಸ್ ಇಎಸ್‌ಐಯಿಂದಲೇ ನಡೀತಿದೆ. ಅರೆಕುಶಲ ದರ ಕೊಟ್ಟರೆ 22,568 ಆಗುತ್ತೆ. ಬೇಡ ಅಂತ ಬರೆದುಕೊಡಬಹುದಾ?

ವಕೀಲರು: ಕನಿಷ್ಠ ಕೂಲಿ ಬೇಡ ಅಂತ ಬರೆದುಕೊಡೋಕಾಗಲ್ಲ, ಬರೆದರೂ ಆ ಕಾಗದಕ್ಕೆ ಬೆಲೆ ಇಲ್ಲ. ಮಧ್ಯದಲ್ಲಿ 21 ಸಾವಿರ ದಾಟಿದರೆ ಆ ವಂತಿಗೆ ಅವಧಿ ಮುಗಿಯೋವರೆಗೂ ಇಎಸ್‌ಐ ಮುಂದುವರಿಯುತ್ತೆ. ಅವಧಿ ಅಂದ್ರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಆ ಮಿತಿಗೆ ಓವರ್‌ಟೈಮ್ ಹಣ ಲೆಕ್ಕಕ್ಕೆ ಬರಲ್ಲ. ಕೂಲಿ ಏರುತ್ತಾ ಹೋಗಿ 21 ಸಾವಿರದ ಮಿತಿ ಅಲ್ಲೇ ಕೂತಿರೋದು ನಿಜವಾಗಿ ಅನ್ಯಾಯ.

ಯಲಹಂಕ ಸೂಪರ್‌ವೈಸರ್: ಅವಧಿ ಮುಗಿದ ಮೇಲೆ ಅಮ್ಮನಿಗೆ ಏನು ದಾರಿ ಮೇಡಂ?

ಹೊಸಬ ಟಿ1: ಪಿಎಫ್ ಕಂಪನಿ ಪಾಲೂ ನನ್ನಿಂದಲೇ ಕಟ್ ಮಾಡ್ತಾರೆ. ಸರಿನಾ?

ವಕೀಲರು: ತಪ್ಪು. ನಿಮ್ಮ ಪಾಲು ಮಾತ್ರ ಕಟ್ ಮಾಡಬೇಕು.

ಮತ್ತೊಬ್ಬ ಲೋಡರ್: 12 ಗಂಟೆ ಶಿಫ್ಟು, 783 ಕೊಡ್ತಾರೆ. ಸರಿನಾ?

ವಕೀಲರು: 783 ಮಾಮೂಲಿ ದಿನದ ಕೆಲಸಕ್ಕೆ. 8 ಗಂಟೆ ಮೇಲೆ ಡಬಲ್.

ಹೊಸಬ ಟಿ1: ಪಿಎಫ್ ಎರಡೂ ಪಾಲು ಅಂದ್ರೆ ಒಟ್ಟು 24 ಪರ್ಸೆಂಟ್ ಕಟ್ ಆಗ್ತಿದೆ ಮೇಡಂ.

ವಕೀಲರು: ಮೇಲೆ ಹೇಳಿದೆ.

ಬಾಗಲೂರು ಬಾಯ್: ಇದೆಲ್ಲ ಅರ್ಜಿ ಗಿರ್ಜಿ ಆಗೋ ಮಾತಲ್ಲ. ಶುಕ್ರವಾರ ಬೆಳಗ್ಗೆ ಮೊದಲ ಫ್ಲೈಟಿಂದ ಯಾರೂ ಲಗೇಜ್ ಮುಟ್ಟಬಾರದು. ಎರಡು ಗಂಟೇಲಿ ಸಂಬಳ ಜಾಸ್ತಿ ಆಗುತ್ತೆ. ಶೇರ್ ಮಾಡಿ.

ವಕೀಲರು: ಶೇರ್ ಮಾಡಿದವರ ಹೆಸರೇ ಮೊದಲು ಬರುತ್ತೆ. ಈಗಿನ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಯಾವುದೇ ಸಂಸ್ಥೆಯಲ್ಲಿ ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. ಕೊಡದೆ ನಿಂತರೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಜೈಲೂ ಆಗಬಹುದು. ಕಂಟ್ರಾಕ್ಟರ್‌ಗೆ ಬೇಕಾಗಿರೋದೇ ಇದು. ಬಾಕಿ ಸಂಬಳದ ಕೇಸನ್ನು ಕಾನೂನುಬಾಹಿರ ಮುಷ್ಕರದ ಕೇಸು ಮಾಡಿ ನೆಮ್ಮದಿಯಾಗಿ ಮಲಗ್ತಾನೆ. ಮುಷ್ಕರ ಬೇಡ ಅಂತ ನಾನು ಹೇಳ್ತಿಲ್ಲ. ನೋಟಿಸ್ ಕೊಟ್ಟು ಮಾಡಿ. ನಿಮ್ಮ ಮಾತು ಕೇಳಿ ನಿಂತವರ ಜಾಮೀನಿಗೆ ನೀವು ಬರ್ತೀರಾ?

ಬಾಗಲೂರು ಬಾಯ್: ನೀವು ಯಾರ ಕಡೆ ಮೇಡಂ?

ವಕೀಲರು: ಫೀಸು ತಗೊಳ್ಳದೆ ಎರಡು ಗಂಟೆಯಿಂದ ಟೈಪ್ ಮಾಡ್ತಿದ್ದೀನಿ. ನೀವೇ ಹೇಳಿ.

ಗುತ್ತಿಗೆ ಮಾತು: ನಾನು ಸಣ್ಣ ಕಂಟ್ರಾಕ್ಟರ್. ಎಲ್ಲರೂ ನಮ್ಮನ್ನೇ ಕಳ್ಳರು ಅಂತೀರಿ. ಬಿಲ್ಲು ಪಾಸಾಗೋಕೆ ತಿಂಗಳುಗಟ್ಟಲೆ ಆಗುತ್ತೆ, ನಾವು 7ನೇ ತಾರೀಖಿಗೆ ಸಂಬಳ ಹಾಕಬೇಕು. ಕಡಿಮೆ ರೇಟ್ ಹಾಕಿದವನಿಗೇ ಟೆಂಡರ್. ನಾವೇನು ಮನೆಯಿಂದ ತಂದು ಕೊಡಬೇಕಾ?

ರಾಯಚೂರು ಹುಡುಗ: ನಮ್ಮ ಮನಿಯಿಂದ ತಗೋತೀರಲ್ಲ, ಅದು?

ವಕೀಲರು: ಕಂಟ್ರಾಕ್ಟರ್ ಅವರೇ, ಟೆಂಡರ್‌ನಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆಗೆ ರೇಟ್ ಹಾಕಿ ಗೆದ್ದರೆ ಉಳಿದಿದ್ದು ಎಲ್ಲಿಂದ ಬರುತ್ತೆ ಅಂತ ಹಾಕುವಾಗಲೇ ನಿಮಗೆ ಗೊತ್ತಿರುತ್ತೆ. ಬಿಲ್ ತಡ ಆಗೋದು ನಿಜ, ಅದರ ಜಗಳ ನಿಮಗೂ ಕೆಲಸ ಕೊಟ್ಟವರಿಗೂ. ನೀವು ಕೊಡದಿದ್ದರೆ ಅವರೇ ಕೊಡಬೇಕು ಅಂತಲೂ ಕಾನೂನಲ್ಲಿದೆ. ಅದಕ್ಕೇ ಅರ್ಜಿಯಲ್ಲಿ ಇಬ್ಬರ ಹೆಸರೂ ಹಾಕಿಸೋದು.

ಗುತ್ತಿಗೆ ಮಾತು: ಹೇಳೋದು ಸುಲಭ.

ಸಹಕಾರನಗರ ಟೆಕ್ಕಿ: ದುಡ್ಡು ಎಲ್ಲಿಂದ ಅಂತ ನಾನು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಕಾಫಿ ಕೌಂಟರ್: ಒಂದು ಕಪ್ ಕಾಫಿ ಕಡಿಮೆ ಕುಡಿಯಿರಿ ಸರ್. ಅದರ ಬೆಲೆ ನನಗೆ ಗೊತ್ತು, ನಾನೇ ಬಿಲ್ ಹೊಡೆಯೋದು.

ಅಡ್ಮಿನ್: ಇನ್ನು ಹತ್ತು ನಿಮಿಷ. ವೈಯಕ್ತಿಕವಾಗಿ ಬೈದಾಡಿದವರನ್ನು ತೆಗೆದುಹಾಕ್ತೀನಿ.

ವಿಜಯಪುರದ ಅಕ್ಕ: ಮೇಡಂ, ನಮ್ಮ ಶಿಫ್ಟಿನವರ ಹತ್ರ ಮಾತಾಡಿದೆ. ಆರು ಜನ ಬರ್ತೀವಿ ಅಂದ್ರು. ಇಬ್ಬರು ಗಂಡನ್ನ ಕೇಳಿ ಹೇಳ್ತಾರಂತೆ. ಏನೇನು ತರಬೇಕು?

ವಕೀಲರು: ಪ್ರತಿಯೊಬ್ಬರ ಸ್ಲಿಪ್, ಆದಷ್ಟು ಹಳೇವೂ ಸೇರಿಸಿ. ಬ್ಯಾಂಕ್ ಸ್ಟೇಟ್‌ಮೆಂಟ್. ಪಾಸ್‌ನ ಜೆರಾಕ್ಸ್ ಇದ್ದರೆ ಅದು. ಪಾಸ್ ರಿನ್ಯೂ ಆಗದ ಆ ಇಬ್ಬರನ್ನೂ ಹುಡುಕಿ ಕರ್ಕೊಂಡು ಬನ್ನಿ, ಅವರಿಗೆ ಕಳ್ಕೊಳ್ಳೋಕೆ ಇನ್ನೇನೂ ಉಳಿದಿಲ್ಲ, ಅವರೇ ಗಟ್ಟಿ ಸಾಕ್ಷಿ. ಸೂಪರ್‌ವೈಸರ್‌ಗೆ ಈಗಲೇ ಏನೂ ಹೇಳಬೇಡಿ. ಟೈಮ್ ಅಡ್ಮಿನ್ ಹತ್ರ ತಿಳಿಸ್ತೀನಿ, ಇಲ್ಲಿ ಹಾಕಲ್ಲ.

ಸಾದಹಳ್ಳಿ ಗೇಟ್: 🙏 ಈ ನಂಬರ್‌ಗೆ ಮಿಸ್ಡ್ ಕಾಲ್ ಕೊಟ್ಟರೆ 7 ದಿನದಲ್ಲಿ ಬಾಕಿ ಸಂಬಳ ಖಾತೆಗೆ ಬರುತ್ತೆ ಅಂತೆ, ನೋಡಿ ಮೇಡಂ.

ವಕೀಲರು: ಅಡ್ಮಿನ್, ಇವರನ್ನು ಏನಾದರೂ ಮಾಡಿ.

ಹೊಸಬ ಟಿ1: ಮೇಡಂ ಒಂದು ವರ್ಷ ಆಯ್ತು ನಂದು. ಗ್ರಾಚುಟಿ ಬರುತ್ತಾ?