‘ನೆಸ್ಟೆಡ್ ಫೋಲ್ಡರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹೈಸ್ಕೂಲ್ ಮಕ್ಕಳಿಗಾಗಿ ಪೈಥಾನ್ (ಪ್ರೋಗ್ರಾಮ್ ಬರೆಯುವ ಭಾಷೆ) ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೋಲ್ಡರ್ ಮಾಡುವ ಪಾಠದಲ್ಲಿ ‘ನೆಸ್ಟೆಡ್’ (ಒಂದರ ಒಳಗೆ ಇನ್ನೊಂದು ಇರುವ) ಅನ್ನುವ ಮಾತಿಗೆ ಕನ್ನಡ ಬೇಕಾಗಿದೆ.

ಪಾಠದ ಉದಾಹರಣೆ ‘ಮೈಸೂರು/ನಂಜನಗೂಡು/ಹುಲ್ಲಹಳ್ಳಿ’. ಜಿಲ್ಲೆ, ಅದರಲ್ಲಿ ತಾಲ್ಲೂಕು, ಅದರಲ್ಲಿ ಹೋಬಳಿ. ಪೈಥಾನ್ 3ರಲ್ಲಿ ಹೆಸರುಗಳನ್ನು ಹೀಗೆ ಕನ್ನಡದಲ್ಲೇ ಕೊಡಬಹುದು. ಅದರ ‘ಓಎಸ್.ಎಂಕೆಡಿರ್’ ಅನ್ನುವ ಆಜ್ಞೆ ಒಂದು ಸಲಕ್ಕೆ ಒಂದೇ ಫೋಲ್ಡರ್ ಮಾಡುತ್ತದೆ. ನಂಜನಗೂಡು ಇಲ್ಲದೆ ಹುಲ್ಲಹಳ್ಳಿ ಮಾಡು ಅಂದರೆ ‘ಫೈಲ್‌ನಾಟ್‌ಫೌಂಡ್‌ಎರರ್’ ಅನ್ನುವ ದೋಷ ಕೊಟ್ಟು ನಿಲ್ಲುತ್ತದೆ. ‘ಓಎಸ್.ಮೇಕ್‌ಡಿರ್ಸ್’ ಆದರೆ ಇಲ್ಲದ್ದನ್ನೆಲ್ಲ ಮೇಲಿನಿಂದ ಮಾಡಿಕೊಂಡು ಬರುತ್ತದೆ. ಅದಕ್ಕೆ ‘ಎಕ್ಸಿಸ್ಟ್_ಓಕೆ=ಟ್ರೂ’ ಸೇರಿಸಿದರೆ, ಫೋಲ್ಡರ್ ಮೊದಲೇ ಇದ್ದರೂ ತಕರಾರಿಲ್ಲ. ಇದನ್ನು ‘ಇದ್ದರೆ ಇರಲಿ’ ಎಂದು ಬರೆದಿದ್ದೇನೆ, ಮಕ್ಕಳಿಗೆ ತಕ್ಷಣ ಹಿಡಿಸಿತು. (ಇಲ್ಲೊಂದು ಎಚ್ಚರ: ಒಂದು ಕಡೆ ‘ತಾಲ್ಲೂಕು’, ಇನ್ನೊಂದು ಕಡೆ ‘ತಾಲೂಕು’ ಎಂದು ಬರೆದರೆ ಸದ್ದಿಲ್ಲದೆ ಎರಡು ಫೋಲ್ಡರ್ ಆಗಿಬಿಡುತ್ತವೆ. ಕಾಗುಣಿತ ಒಂದೇ ಇರಬೇಕು.)

ಈಗ ಪದದ ವಿಷಯ. ‘ಉಪಫೋಲ್ಡರ್’ ಅನ್ನಬಹುದು, ಆದರೆ ಅದು ಎರಡರ ನಡುವಿನ ಸಂಬಂಧವನ್ನಷ್ಟೇ ಹೇಳುತ್ತದೆ. ಮೂರನೆಯ ಮಟ್ಟಕ್ಕೆ ‘ಉಪ ಉಪ’ ಅನ್ನೋದಕ್ಕೆ ಆಗಲ್ಲ. ನನಗೆ ಬೇಕಿರುವುದು ಇಡೀ ಸಾಲನ್ನು ಹೇಳುವ ಮಾತು. ‘ಒಳಗೊಳಗಿನ ಫೋಲ್ಡರ್’ ಮೊದಲಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ‘ಒಳಗೊಳಗೇ ಕೊರಗಿದಳು’, ‘ಒಳಗೊಳಗೇ ಮಾತಾಡಿಕೊಂಡರು’ ಅನ್ನುವಲ್ಲಿ ಗುಟ್ಟಿನ ಅರ್ಥವಿದೆ ಅಲ್ವಾ? ಕಂಪ್ಯೂಟರಿನಲ್ಲಿ ಅಡಗಿಸಿಟ್ಟ ಫೋಲ್ಡರ್ ಅನ್ನೋದು ಬೇರೆಯೇ ಇದೆ. ಓದುವವರು ಅದನ್ನೇ ಅಂದುಕೊಂಡರೆ ಕಷ್ಟ. ‘ಅಂತರ್ಗತ’ ಮಕ್ಕಳಿಗೆ ಭಾರ. ‘ನೆಸ್ಟ್’ ಅಂದರೆ ಗೂಡು, ಆದರೆ ‘ಗೂಡುಕಟ್ಟಿದ’ ಅಂತೂ ಬೇಡವೇ ಬೇಡ. ನಮ್ಮಲ್ಲಿ ಗೂಡು ಕಟ್ಟುವುದು ಹಕ್ಕಿ.

ನನ್ನ ಒಲವು ‘ಒಂದರೊಳಗೊಂದು’ ಕಡೆಗೆ. ‘ಒಂದರೊಳಗೊಂದು ಫೋಲ್ಡರ್ ಮಾಡುವುದು’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಲಿಸ್ಟ್ ಒಳಗೆ ಲಿಸ್ಟ್ ಇದ್ದರೂ ಇದೇ ಸಲ್ಲುತ್ತದೆ. ತೊಡಕು ಏನೆಂದರೆ, ತಲೆಬರಹಕ್ಕೆ, ಚಿತ್ರದ ಕೆಳಗಿನ ಸಾಲಿಗೆ ಇದು ಉದ್ದವಾಗುತ್ತದೆ.

ಇನ್ನೊಂದು ಪ್ರಶ್ನೆ ‘ಪೇರೆಂಟ್’ ಬಗ್ಗೆ. ಒಂದು ಫೋಲ್ಡರ್ ಯಾವುದರ ಒಳಗಿದೆಯೋ ಆ ಫೋಲ್ಡರಿಗೆ ಹಾಗನ್ನುತ್ತಾರೆ. ಪೈಥಾನ್ 3.4ರಲ್ಲಿ ಬಂದ ‘ಪಾಥ್‌ಲಿಬ್’ ಅನ್ನುವ ಮಾಡ್ಯೂಲ್ ಬಳಸಿದರೆ, ಇಲ್ಲದ ಮೇಲಿನ ಫೋಲ್ಡರ್‌ಗಳನ್ನೂ ಮಾಡಲು ‘ಪೇರೆಂಟ್ಸ್=ಟ್ರೂ’ ಎಂದು ಕೊಡಬೇಕು. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ‘ಎಂಕೆಡಿರ್ -ಪಿ’ ಆಜ್ಞೆಯಲ್ಲಿರುವ ಪಿ ಕೂಡ ಇದೇ. ‘ಹೆತ್ತವರು’ ಅಂದರೆ ನಮಗೆ ಅಪ್ಪ, ಅಮ್ಮ. ಇಲ್ಲಿ ಒಂದು ಫೋಲ್ಡರಿಗೆ ಮೇಲಿರುವುದು ಒಂದೇ, ಅದಕ್ಕೂ ಮೇಲೆ ಇನ್ನೊಂದು. ಹಾಗಾಗಿ ‘ಪೇರೆಂಟ್ಸ್’ ಅಂದರೆ ತಾಯಿ, ಅಜ್ಜಿ, ಮುತ್ತಜ್ಜಿ ಎಲ್ಲರೂ. ‘ತಾಯಿಬೇರು’ ಇರುವಂತೆ ‘ತಾಯಿಫೋಲ್ಡರ್’ ಅನ್ನಬಹುದು, ಒಪ್ಪುತ್ತೇನೆ. ಆದರೂ ‘ಮೇಲಿನ ಫೋಲ್ಡರ್‌ಗಳು’ ಅನ್ನುವುದೇ ನನಗೆ ಸರಿ ಅನ್ನಿಸುತ್ತದೆ. ನೆಂಟಸ್ತಿಕೆ ಹುಡುಕುವ ಗೋಜಿಲ್ಲ, ಸ್ಕ್ರೀನಿನಲ್ಲಿ ಕಾಣುವುದೂ ಹಾಗೆಯೇ.

‘ಫೋಲ್ಡರ್’ಗೆ ಲಿನಕ್ಸ್‌ನ ಕನ್ನಡ ಅನುವಾದಗಳಲ್ಲಿ ಬರುವ ‘ಕಡತಕೋಶ’ ನನಗೆ ಗೊತ್ತು. ಮಕ್ಕಳ ಬಾಯಲ್ಲಿ ಇರುವುದು ‘ಫೋಲ್ಡರ್’, ಅದನ್ನೇ ಉಳಿಸಿಕೊಂಡಿದ್ದೇನೆ.

ತಲೆಬರಹಕ್ಕೆ ಹೊಂದುವ ಚಿಕ್ಕ ಪದ ನಿಮ್ಮ ಕಡೆ ಯಾವುದಾದರೂ ಇದೆಯೇ? ಡಬ್ಬಿಯೊಳಗೆ ಡಬ್ಬಿ ಇಡುವ ಸಾಲಿಗೆ ನಿಮ್ಮ ಮನೆಯಲ್ಲಿ ಏನಂತಾರೆ? ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ.